ಹಗೇವಿನ ಬಾಯಿ ಮುಂದೆ

ಜೋಳದ ರೊಟ್ಟಿ ಒಲ್ಲೆ ಎನ್ನುವ ರೈತನನ್ನು ಅದಕ್ಕೆ ಮೊದಲು ನಾನು ಜೇವರ್ಗಿ ಸೀಮೆಯಲ್ಲಿ ಕಂಡಿರಲಿಲ್ಲ. ನಲವತ್ತರ ಆಸುಪಾಸಿನ ಆಳು. ಧೋತರ, ತಲೆಗೆ ರುಮಾಲು, ಇಳಿದುಹೋದ ಮೈ. ದವಾಖಾನೆಯ ಹಿಂದಿನ ಖೋಲಿಯಲ್ಲಿ ಕುರ್ಚಿ ಕೊಟ್ಟರೂ ಅದರ ಅಂಚಿಗೆ ಮಾತ್ರ ಕೂತಿದ್ದ. ಪಕ್ಕದಲ್ಲಿ ಅವನ ತಾಯಿ. ಏನಾಗಿದೆ ಎಂದು ನಾನು ಕೇಳಿದ್ದು ಅವನನ್ನು, ಉತ್ತರ ಕೊಟ್ಟದ್ದು ಆಕೆ.

"ರೊಟ್ಟಿ ಉಣ್ಣಂಗಿಲ್ರಿ ಡಾಕ್ಟರಬಾಯಾರ. ಅನ್ನ ಹಾಕು ಅಂತಾನ, ಅದನ್ನೂ ಎರಡು ತುತ್ತು ತಿಂದು ಏಳ್ತಾನ. ಮನ್ಯಾಗ ಕಾಲಿಡಂಗಿಲ್ಲ. ಹೊಲದಾಗ ಬಿದ್ದಿರ್ತಾನ. ತಮ್ಮ ಹೋದಾಗಿಂದ ಹಿಂಗ ಆಗ್ಯಾನ."

ನಾನು ಡಾಕ್ಟರಲ್ಲ, ಮನಶ್ಶಾಸ್ತ್ರ ಓದಿದವಳು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ವಾರಕ್ಕೊಂದೊಂದು ದಿನ ತಿರುಗುವ ಕೆಲಸ. ಗುಳಿಗೆ ಬರೆಯುವ ಅಧಿಕಾರ ನನಗಿರಲಿಲ್ಲವಾದ್ದರಿಂದ ಜನ ನನ್ನನ್ನು 'ಮಾತಿನ ಡಾಕ್ಟರಬಾಯಿ' ಎನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಕುಚೋದ್ಯ ಎಷ್ಟು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಈ ಮನೆಯ ಊರಿನ ಹೆಸರು ಮಾತ್ರ ಹೇಳುವುದಿಲ್ಲ. ಭೀಮಾ ನದಿಗೆ ತೀರ ದೂರವಲ್ಲದ ಊರು ಎಂದಿಟ್ಟುಕೊಳ್ಳಿ.

ತಮ್ಮ ಸತ್ತದ್ದು ಹಗೇವಿನಲ್ಲಿ. ಹಗೇವು ಎಂದರೆ ನೆಲದೊಳಗಿನ ಕಣಜ. ಆಳೆತ್ತರಕ್ಕಿಂತ ಆಳದ ಗುಂಡಿ ತೋಡಿ, ಸುತ್ತ ಒಣಹುಲ್ಲು ಕಟ್ಟಿ, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಎಳೆದು ಮಣ್ಣು ಮೆತ್ತುತ್ತಾರೆ. ವರ್ಷಗಟ್ಟಲೆ ಕಾಳಿಗೆ ಹುಳ ಬೀಳುವುದಿಲ್ಲ. ಆದರೆ ಒಳಗಿನ ಗಾಳಿ ಕೆಟ್ಟಿರುತ್ತದೆ. ತೆರೆದ ಕೂಡಲೇ ಇಳಿದವನು ಅಲ್ಲೇ ಕುಸಿಯುತ್ತಾನೆ. ಇದು ಆ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಅದಕ್ಕೇ ಕಲ್ಲು ಸರಿಸಿ ಒಂದು ದಿನ ಹಾಗೇ ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಇಳಿಬಿಡುತ್ತಾರೆ. ದೀಪ ಉರಿದರೆ ಆಳು ಇಳಿಯಬಹುದು. ಆರಿದರೆ ಇಳಿಯಕೂಡದು.

ಬೇಸಿಗೆಯಲ್ಲಿ ಅಣ್ಣತಮ್ಮಂದಿರ ಕೊನೆಯ ತಂಗಿಯ ಮದುವೆಗೆಂದು ಹಗೇವು ತೆರೆದಿದ್ದರು. ಸಣ್ಣವನು ಮೊದಲು ಇಳಿದು ಬಿದ್ದ. ದೊಡ್ಡವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಿಂದಿನಿಂದ ಇಳಿದ, ಅವನಿಗೂ ತಲೆ ತಿರುಗಿತು, ನೆರೆಯವರು ಎಳೆದುಕೊಂಡರು. ಅಂಗಳದಲ್ಲಿ ಅವನಿಗೆ ಎಚ್ಚರವಾದಾಗ ತಮ್ಮನನ್ನು ಪಕ್ಕದಲ್ಲೇ ಮಲಗಿಸಿದ್ದರು. ಪೊಲೀಸರು ಬಂದು ಪಂಚನಾಮೆ ಮಾಡಿ, ಆಕಸ್ಮಿಕ ಎಂದು ಬರೆದುಕೊಂಡು ಹೋಗಿದ್ದರು. ಮನೆಯವರು ಅವನನ್ನು ಗಾಣಗಾಪುರದ ಗುಡಿಗೆ ಕರೆದೊಯ್ದು ಕೂರಿಸಿದರು, ದರ್ಗಾದಲ್ಲಿ ದಾರ ಕಟ್ಟಿಸಿದರು. ಏನೂ ಗುಣ ಕಾಣದೆ ಕೊನೆಗೆ ನನ್ನ ಪಾಲಿಗೆ ಬಂದಿದ್ದ.

ತಾಯಿ ಮಗ ಹೋದ ಮೇಲೆ ನಮ್ಮ ಕಂಪೌಂಡರ್ ಒಳಗೆ ಬಂದು ಬಾಗಿಲು ಹಾಕಿದ. ಅವನೂ ಅದೇ ಕಡೆಯವನು. ಕನ್ನಡ, ಉರ್ದು ಎರಡರಲ್ಲೂ ಸಮಾನವಾಗಿ ಚಾಡಿ ಹೇಳಬಲ್ಲ ಮನುಷ್ಯ.

"ಬಾಯಾರ, ಇದಕ್ಕ ಬಿಮಾರಿ ಅನಬ್ಯಾಡ್ರಿ. ದಿಲ್‌ದಾಗ ಚೋರ್ ಕುಂತಾನ್ರಿ. ತಮ್ಮಗ ಹಗ್ಗ ಇಲ್ಲ, ತನಗ ಹಗ್ಗ! ದೀಪ ಯಾಕ ಬಿಡಲಿಲ್ಲ? ಹೊಲ ಇನ್ನಾ ಪಾಲಾಗಿಲ್ಲ. ಊರೆಲ್ಲ ಅನ್ನಾಕತ್ತದ. ತಮ್ಮನ ಹೆಂಡ್ತೀನ ಅನ್ನಾಕತ್ತಾಳ."

"ನೀ ನೋಡೀದೇನು?"

"ನೋಡಾಕ ಏನದರಿ? ಮಾಡಿದ್ದು ಉಣ್ಣಾಕ ಆಗವಲ್ದು, ಅದಕ್ಕ ರೊಟ್ಟಿ ಒಲ್ಲ ಅನ್ನಾಕತ್ತಾನ."

ನಾನು ಅವನನ್ನು ಗದರಿಸಿ ಕಳಿಸಿದೆ. ಆದರೆ ಮಾತು ಒಳಗೆ ಉಳಿಯಿತು. ನನ್ನದೂ ಅನುಮಾನದ ಹುಟ್ಟುಗುಣ. ಹಾಲಿನವನು ಗಡಿಗೆ ಇಳಿಸುವ ಮೊದಲೇ ನೀರು ಎಷ್ಟು ಎಂದು ಲೆಕ್ಕ ಹಾಕುವವಳು ನಾನು. ಭಯಕ್ಕೂ ಅಪರಾಧಕ್ಕೂ ಹೊರಗಿನ ಲಕ್ಷಣ ಒಂದೇ. ಎರಡರಲ್ಲೂ ನಿದ್ದೆ ಬರುವುದಿಲ್ಲ, ಎರಡರಲ್ಲೂ ಮನುಷ್ಯ ಆ ಜಾಗದ ಹತ್ತಿರ ಸುಳಿಯುವುದಿಲ್ಲ. ಇವನದು ಯಾವುದು ಎಂದು ನನಗೆ ಗೊತ್ತಿರಲಿಲ್ಲ.

ಚಿಕಿತ್ಸೆ ಮಾತ್ರ ಯಾವುದು ಎಂದು ಕೇಳುವುದಿಲ್ಲ. ಅದರ ತಿರುಳು ಇಷ್ಟೇ: ಮನುಷ್ಯ ಯಾವುದಕ್ಕೆ ಹೆದರಿ ಓಡುತ್ತಾನೋ ಅದರ ಮುಂದೆಯೇ, ನಿಧಾನವಾಗಿ, ಮೆಟ್ಟಿಲು ಮೆಟ್ಟಿಲಾಗಿ ಅವನನ್ನು ಕೂರಿಸಬೇಕು. ಭಯ ಏರುತ್ತದೆ. ಎದ್ದು ಓಡದಿದ್ದರೆ ತಾನಾಗಿ ಇಳಿಯುತ್ತದೆ. ಓಡಿದರೆ ಮಾತ್ರ ಉಳಿದುಕೊಂಡುಬಿಡುತ್ತದೆ. ಪುಸ್ತಕದಲ್ಲಿ ಇದನ್ನು ಯುದ್ಧದಿಂದ ಮರಳಿದ ಸಿಪಾಯಿಗಳ ಮೇಲೆ ಬರೆದಿದ್ದರು. ಜೋಳ ಬೆಳೆಯುವವನಿಗೆ ಅದನ್ನು ಹೇಗೆ ಹೇಳುವುದೆಂದು ಯೋಚಿಸಿ, ಮುಂದಿನ ವಾರ ಅವನು ಬಂದಾಗ ಕೇಳಿದೆ:

"ಎತ್ತು ಒಂದು ಕಡೆ ಬೆಚ್ಚಿತು ಅಂತ ತಿಳೀರಿ. ಆ ಹಾದಿ ಹಿಡಿಯವಲ್ದು. ಏನ್ ಮಾಡ್ತೀರಿ?"

ಅವನು ಮೊದಲ ಸಲ ಮುಖ ಎತ್ತಿದ. "ಬಡೀಬಾರದ್ರಿ. ದಿನಾ ಸನೇಕ ಒಯ್ದು ನಿಂದ್ರಿಸಬೇಕ. ಮೇವು ಹಾಕಬೇಕ. ಮೈ ನಡುಗೋದು ನಿಂತ ಮ್ಯಾಲ ಹೊಳ್ಳಿ ತರಬೇಕ."

"ನಡುಗೋವಾಗ ಹೊಳ್ಳಿ ತಂದ್ರ?"

"ಕೆಟ್ಟಿತ್ರಿ. ಅಲ್ಲಿ ಖರೇನ ಏನೋ ಅದ ಅಂತ ಕಲತಬಿಡ್ತದ."

ಅಷ್ಟು ಸಾಕಾಗಿತ್ತು. ಭಯಕ್ಕೆ ಒಂದು ಅಳತೆ ಬೇಕಲ್ಲ, ಅದಕ್ಕೆ ರೂಪಾಯಿಯ ಹಳೆಯ ಆಣೆ ಲೆಕ್ಕ ಇಟ್ಟುಕೊಂಡೆವು. ಹದಿನಾರಾಣೆ ಎಂದರೆ ಪ್ರಾಣ ಹೋದಂತೆ. ಸೊನ್ನೆ ಎಂದರೆ ಹೊಲದ ಬೇವಿನ ಗಿಡದ ಕೆಳಗೆ ಮಲಗಿದಂತೆ. ಬಾಗಿಲಾಚೆ ಕೂತಿದ್ದ ತಾಯಿ ಒಳಗೆ ತಲೆ ಹಾಕಿ ಕೇಳಿದಳು: "ಮಾಯಾಕತ್ತಿದ ಹುಣ್ಣು ಕೆದರಿದ್ರ ಗುಣ ಆಗ್ತದೇನ್ರಿ?"

"ಒಳಗ ಕೀವು ಇದ್ರ ಕೆದರದೆ ಮಾಯಂಗಿಲ್ಲವ್ವ" ಎಂದೆ. ಆಕೆಗೆ ಆ ಮಾತು ರುಚಿಸಲಿಲ್ಲ.

ವಾಸನೆಯಿಂದ ಶುರು ಮಾಡಿದೆವು. ಹಗೇವಿನ ಜೋಳಕ್ಕೆ ಒಂದು ಹುಳಿ ಕಮಟು ಇರುತ್ತದೆ. ಅವನಿಗೆ ರೊಟ್ಟಿಯಲ್ಲಿ ಹೊಡೆಯುತ್ತಿದ್ದದ್ದು ಅದೇ. ಕಂಪೌಂಡರ್ ತನ್ನ ಪೈಕಿಯವರ ಮನೆಯಿಂದ ಒಂದು ಹಿಡಿ ಹಗೇವಿನ ಜೋಳವನ್ನು ಅರಿವೆಯಲ್ಲಿ ಕಟ್ಟಿ ತಂದ. ಗಂಟು ಬಿಚ್ಚಿದ ಕೂಡಲೇ ರೈತ ಹೊರಗೆ ಓಡಿ ವಾಂತಿ ಮಾಡಿದ. ನಾನು ಅವನನ್ನು ವಾಪಸ್ಸು ಕರೆದು ಕೂರಿಸಿದೆ. ಕಂಪೌಂಡರ್ ನನ್ನನ್ನು ಕಟುಕಿಯಂತೆ ನೋಡಿದ. ಆ ವಾರ, ಮುಂದಿನ ವಾರ, ಅದರ ಮುಂದಿನ ವಾರ ಅದೇ ಗಂಟು. ಮೂಗಿಗೆ ಹಿಡಿದು ಕೂರುವುದು, ಎಷ್ಟಾಣೆ ಎಂದು ಕೇಳುವುದು, ಇಳಿಯುವವರೆಗೆ ಕಾಯುವುದು. ನಡುವೆ ಹೊಲದಲ್ಲೂ ದಿನಾ ಅದೇ ಅಭ್ಯಾಸ. ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಅರ್ಧ ರೊಟ್ಟಿ ಉಂಡಿದ್ದ. ತಾಯಿ ಅದನ್ನು ಅಳುತ್ತಲೇ ಹೇಳಿದಳು. ನನಗೆ ಒಳಗೊಳಗೇ ಹಿಗ್ಗಾಯಿತು, ಸುಳ್ಳೇಕೆ ಹೇಳಲಿ.

ಎರಡನೆಯ ದಾರಿ ಕಷ್ಟದ್ದು. ಕಣ್ಣು ಮುಚ್ಚಿ, ಆ ದಿನ ನಡೆದದ್ದನ್ನು ಈಗಲೇ ನಡೆಯುತ್ತಿದೆ ಎಂಬಂತೆ ಬಾಯಿಬಿಟ್ಟು ಹೇಳಬೇಕು. ಒಮ್ಮೆ ಅಲ್ಲ, ಮತ್ತೆ ಮತ್ತೆ. ಅದನ್ನು ನಾನು ಟೇಪಿನಲ್ಲಿ ಹಿಡಿದು ಕೊಡುತ್ತಿದ್ದೆ. ಅವನು ಹೊಲದಲ್ಲಿ ಕೂತು ದಿನಾ ಕೇಳಬೇಕು. ಸವೆದ ನಾಣ್ಯದ ಹಾಗೆ ನೆನಪಿನ ಅಂಚು ಸವೆಯುತ್ತದೆ ಎಂಬುದು ಶಾಸ್ತ್ರ.

"ನಾವಿಬ್ಬರೂ ಕಲ್ಲು ಎತ್ತಾಕತ್ತೇವಿ" ಎಂದು ಅವನು ಶುರು ಮಾಡುತ್ತಿದ್ದ, ಗಟ್ಟಿ ದನಿಯಲ್ಲಿ. "ಬಿಸಲ ಜೋರದ. ಮದಿವಿ ಹಂದರಕ್ಕ ಬೇವಿನ ತಪ್ಪಲ ಹಾಕ್ಯಾರ. ವಾಸನಿ ಬರಾಕತ್ತದ. ಸಣ್ಣಾಂವ ಇಳದ. ಒಂದು ಸಲ 'ಅಣ್ಣಾ' ಅಂದ. ಆಮ್ಯಾಲ ಮಾತಿಲ್ಲ."

ಇಷ್ಟು ಹೇಳಿ ಕಣ್ಣೀರು ಒರೆಸಿಕೊಳ್ಳುತ್ತಿದ್ದ. ಎಷ್ಟಾಣೆ ಎಂದರೆ ಹನ್ನೆರಡು. ಎರಡನೆಯ ವಾರವೂ ಹನ್ನೆರಡು, ಐದನೆಯ ವಾರವೂ ಹನ್ನೆರಡು. ವಾಸನೆಯ ಭಯ ಇಳಿದಿತ್ತು, ಇದು ಇಳಿಯಲಿಲ್ಲ. ಸರಿಯಾಗಿ ನಡೆದಿದ್ದರೆ ಇಳಿಯಲೇಬೇಕು. ಇಳಿಯುವುದಿಲ್ಲವೆಂದರೆ ಹೇಳುವವನು ಎಲ್ಲೋ ಬಳಸಿ ಹೋಗುತ್ತಿದ್ದಾನೆ.

ಅವನ ಮಾತು ಬಿಟ್ಟು ಕೈ ನೋಡತೊಡಗಿದೆ. 'ಅಣ್ಣಾ' ಎಂದ ಜಾಗದಲ್ಲಿ ಅಳುತ್ತಿದ್ದನೇ ಹೊರತು ಕೈ ಸುಮ್ಮನೆ ಇರುತ್ತಿತ್ತು. ಕಲ್ಲು ಸರಿಸಿದ್ದಕ್ಕೂ ತಮ್ಮ ಇಳಿದದ್ದಕ್ಕೂ ನಡುವೆ, ಒಂದು ಉಸಿರಿನಲ್ಲಿ ಹಾರಿ ದಾಟುತ್ತಿದ್ದನಲ್ಲ, ಅಲ್ಲಿ ಬಲಗೈ ಗಡಗಡ ನಡುಗುತ್ತಿತ್ತು. ಪ್ರತಿ ಸಲವೂ ಅಲ್ಲಿಯೇ. ಅವನು ತೋರಿಸುತ್ತಿದ್ದ ಜಾಗ ಒಂದು, ಭಯ ಇದ್ದ ಜಾಗ ಇನ್ನೊಂದು. ಕಂಪೌಂಡರನ ಮಾತು ನೆನಪಾಯಿತು. ನಾನು ಕೂರಿಸಿಕೊಂಡು ಗುಣ ಮಾಡುತ್ತಿರುವುದು ತಮ್ಮನನ್ನು ಕೊಂದವನನ್ನೇ ಇರಬಹುದೆ?

ಅಷ್ಟರಲ್ಲಿ ಊರಲ್ಲಿ ಟೇಪಿನ ಸುದ್ದಿ ಹಬ್ಬಿತು. ಅವನು ಹೊಲದಲ್ಲಿ ಟೇಪು ಕೇಳುತ್ತಿದ್ದದ್ದನ್ನು ಯಾರೋ ನೋಡಿದ್ದರು. ಡಾಕ್ಟರಬಾಯಿ ಪೊಲೀಸರ ಪೈಕಿ, ಟೇಪಿನಲ್ಲಿ ತಪ್ಪೊಪ್ಪಿಗೆ ತಗೊಳ್ಳಾಕತ್ತಾಳ ಎಂದು ಒಂದು ಗುಂಪು. ಇಲ್ಲ, ದೊಡ್ಡಾಂವನ ಹುಚ್ಚಿಗೆ ಸರ್ಟಿಫಿಕೇಟು ಕೊಟ್ಟು ಬಿಡಿಸಾಕತ್ತಾಳ ಎಂದು ಇನ್ನೊಂದು ಗುಂಪು. ಎರಡು ಕಡೆಯವರೂ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು.

ಒಂದು ಶುಕ್ರವಾರ ಸತ್ತವನ ಹೆಂಡತಿ ದವಾಖಾನೆಗೆ ಬಂದಳು. ಮನೆಯಲ್ಲಿ ಆಕೆಯನ್ನು ಸಣ್ಣಾಕಿ ಎನ್ನುತ್ತಿದ್ದರು. ಮೂವತ್ತೂ ತುಂಬಿರಲಿಲ್ಲ. ಕೂರಲಿಲ್ಲ, ನಿಂತೇ ಮಾತಾಡಿದಳು.

"ಅಕ್ಕಾರ, ಆ ಟೇಪು ನನಗ ಕೇಳಸ್ರಿ."

"ಅದು ಅವರ ಇಲಾಜಿಂದು ತಂಗಿ. ಯಾರಿಗೂ ಕೇಳಸಂಗಿಲ್ಲ."

"ಹಂಗಾರ ನೀವೂ ಆ ಕಡ್ಯಾವರ."

"ನೀವ ಅವರಿಗೆ ಕೇಳಬಹುದಲ್ಲ?"

ಆಕೆ ನನ್ನನ್ನು ಬೆಪ್ಪಿಯಂತೆ ನೋಡಿದಳು. "ಭಾವಾರ ಮುಂದ ನಿಂತು ಮಾತಾಡಾಕ ಬರ್ತದೇನ್ರಿ? ನಮ್ಮ ಮನ್ಯಾಗ ಆ ರೂಢಿ ಇಲ್ಲ. ಎಳ್ಳಮಾಸಿಗೆ ನಮ್ಮ ಅಣ್ಣ ಬರ್ತಾನ. ಅಷ್ಟರೊಳಗ ಆ ದಿನ ಏನಾತಂತ ಗೊತ್ತಾಗಲಿಲ್ಲ ಅಂದ್ರ ಮಗಳನ್ನ ಕರಕೊಂಡು ತೌರಿಗೆ ಹೋಗಾಕಿನ. ಹೊಳ್ಳಿ ಬರಂಗಿಲ್ಲ. ಇದನ್ನ ಅವರಿಗೆ ಹೇಳ್ರಿ."

ಹೇಳಿದೆ. ಅವನಿಗೆ ಹೆಂಡತಿ, ಮಕ್ಕಳಿರಲಿಲ್ಲ. ತಮ್ಮನ ಮಗಳು ಇನ್ನೂ ಶಾಲೆಗೆ ಸೇರದ ಕೂಸು. ಮನೆ ಬಿಟ್ಟ ಮೇಲೂ ಹೊಲಕ್ಕೆ ಬುತ್ತಿಯ ಜೊತೆ ಬಂದು ಅವನ ಹೆಗಲೇರುತ್ತಿದ್ದದ್ದು ಆ ಕೂಸು ಒಂದೇ. "ಆಕಿ ಹೋದ್ರ ನಾ ಯಾರ ಸಲುವಾಗಿ ಮನಿ ಸೇರಲ್ರಿ?" ಎಂದ. "ನಾನೂ ಊರು ಬಿಡ್ತೇನಿ." ಎಳ್ಳಮಾವಾಸ್ಯೆಗೆ ಹೆಚ್ಚು ದಿನ ಉಳಿದಿರಲಿಲ್ಲ.

ಅಂದು ನನ್ನ ಕಿವಿಗೆ ಇನ್ನೊಂದು ವಿಷಯ ಬಿತ್ತು. ಅವನು ತನ್ನಷ್ಟಕ್ಕೆ ಮಾತಾಡುವಾಗ ದನಿ ಮೆಲ್ಲಗಿರುತ್ತಿತ್ತು. ಕಥೆ ಹೇಳುವಾಗ ಮಾತ್ರ ಯಾಕೆ ಅಷ್ಟು ಗಟ್ಟಿ? ನಾನು ಮೂರಡಿ ದೂರದಲ್ಲಿ ಕೂತಿದ್ದೆ, ಕಿವುಡಿಯೂ ಅಲ್ಲ. ಬಾಗಿಲ ಕಡೆ ನೋಡಿದೆ. ಕೆಳಗಿನ ಸಂದಿಯಲ್ಲಿ ಮುದುಕಿಯ ಸೀರೆಯ ಅಂಚು ಕಾಣುತ್ತಿತ್ತು. ಒಂದು ವಾರವೂ ತಪ್ಪದೆ ಆಕೆ ಬರುತ್ತಿದ್ದಳು, ಅದೇ ಬಾಗಿಲಿಗೆ ಆತು ಕೂರುತ್ತಿದ್ದಳು. ಮಗನ ಮೇಲಿನ ಮಾಯೆ ಎಂದು ನಾನು ತಿಳಿದಿದ್ದೆ. ಅದು ಕಾವಲು ಎಂದು ಈಗ ಹೊಳೆಯಿತು. ಅವನು ಕಥೆ ಹೇಳುತ್ತಿದ್ದದ್ದು ನನಗಲ್ಲ.

ಮುಂದಿನ ಭೇಟಿ ದವಾಖಾನೆಯಲ್ಲಿ ಬೇಡ, ಹೊಲದಲ್ಲಿ ಎಂದೆ. ಮುದುಕಿಗೆ ಮೊಣಕಾಲು ನೋವು, ಅಷ್ಟು ದೂರ ನಡೆಯಲಾರಳು ಎಂದು ಗೊತ್ತಿದ್ದೇ ಹಾಗೆ ಮಾಡಿದೆ.

"ಗಾಡಿ ಹೂಡ್ರಿ, ನಾನೂ ಬರ್ತೇನಿ" ಎಂದಳು.

"ಬ್ಯಾಡವ್ವ, ನೀವು ಮನ್ಯಾಗಿರ್ರಿ."

"ಯಾಕ? ನಾ ಕೇಳಬಾರದ್ದು ಏನದ?" ಆಕೆಯ ಮುಖದಲ್ಲಿದ್ದದ್ದು ಸಿಟ್ಟಲ್ಲ, ಹೆದರಿಕೆ.

ಹಿಂಗಾರಿ ಜೋಳ ಎದೆಯೆತ್ತರ ನಿಂತಿತ್ತು. ಕಂಪೌಂಡರನನ್ನು ದೂರದ ಬದುವಿನ ಮೇಲೆ ಕೂರಿಸಿ, ನಾವಿಬ್ಬರೂ ಬೇವಿನ ಗಿಡದ ಕೆಳಗೆ ಕೂತೆವು. ಟೇಪು ಹಚ್ಚಲಿಲ್ಲ. ಅವನು ಕಣ್ಣು ಮುಚ್ಚಿ ಶುರು ಮಾಡಿದ. ದನಿ ಮೆಲ್ಲಗಿತ್ತು. ಕಲ್ಲು ಸರಿಸಿದಲ್ಲಿಗೆ ಬಂದಾಗ ತಡೆದೆ.

"ನಿಂದರ್ರಿ. ಈಗ ನಿಮ್ಮ ಬಲಗೈಯಾಗ ಏನದ?"

ಕೈ ಹಾರತೊಡಗಿತು. ಎಡಗೈಯಿಂದ ಅದನ್ನು ಒತ್ತಿ ಹಿಡಿದುಕೊಂಡ.

"ದೀಪರಿ."

"ಹಚ್ಚಿದ್ದೇನು?"

"ಹಚ್ಚಿದ್ದು. ಹಗ್ಗಾ ಕಟ್ಟೇನಿ. ಇಳಿಬಿಡಬೇಕು ಅನ್ನೂದ್ರಾಗ ಅವ್ವ ಪಡಸಾಲ್ಯಾಗಿಂದ ಬಂದ್ಲು." ಅವನು ಗಿಡದ ಬೊಡ್ಡೆಗೆ ಬೆನ್ನು ಒತ್ತಿದ. "'ಹಂದರ ಹಾಕಿದ ಮನ್ಯಾಗ ದೀಪ ಆರಬಾರದೋ ಯಪ್ಪಾ, ತಂಗೀ ಮದಿವಿ ಅದ' ಅಂದ್ಲು. ಸಣ್ಣಾಂವ ನಕ್ಕ. ಮುಂಜಾನಿಂದ ಬಾಯಿ ತೆರದದ, ಹವಾ ಹೋಗಿರ್ತದ ಬಿಡು ಅಂದ. ನಾ ಏನೂ ಅನ್ನಲಿಲ್ಲ. ದೀಪ ಒಯ್ದು ಗ್ವಾಡಿ ಗೂಡಿನಾಗ ಇಟ್ಟೆ. ನನ್ನ ಕೈಯಾರೆ ಇಟ್ಟೆ."

"ಎಷ್ಟಾಣೆ?"

"ಹದಿನಾರು." ಎದ್ದು ಓಡುವಂತೆ ಮೊಣಕಾಲು ಊರಿದ. "ಕುಂದರ್ರಿ" ಎಂದೆ. "ನಡುಗೋದು ನಿಲ್ಲಲಿ." ಕೂತ. ಮತ್ತೆ ಮೊದಲಿಂದ ಹೇಳಿಸಿದೆ, ಮತ್ತೆ, ಮತ್ತೆ. ನೆರಳು ಗಿಡದ ಇನ್ನೊಂದು ಬದಿಗೆ ತಿರುಗುವ ಹೊತ್ತಿಗೆ ಮೊದಲ ಸಲ ಅವನ ಬಾಯಿಂದ ಎಂಟಾಣೆ ಎಂಬ ಮಾತು ಬಂತು.

"ಯಾರಿಗೂ ಹೇಳಬ್ಯಾಡ್ರಿ" ಎಂದ ಏಳುವಾಗ. "ಹೆತ್ತ ಮಗನ್ನ ನುಂಗಿದಾಕಿ ಅಂತಾರ ಅವ್ವಗ. ನನಗ ಏನರ ಅನ್ನಲಿ."

ಬಸ್ಸಿನಲ್ಲಿ ಮರಳುವಾಗ ನನ್ನ ಹಳೆಯ ಚಾಳಿ ಸುಮ್ಮನಿರಲಿಲ್ಲ. ತಪ್ಪನ್ನು ತಾಯಿಯ ಸೆರಗಿಗೆ ಕಟ್ಟುವ ಮಕ್ಕಳನ್ನೂ ನಾನು ಕಂಡಿದ್ದೆ. ಭಯ ಇಳಿದದ್ದು ನಿಜ. ಆದರೆ ಅದು ಸಾಕ್ಷಿಯಲ್ಲ. ಒಳ್ಳೆಯ ಸುಳ್ಳೊಂದು ಸಿಕ್ಕರೂ ಮನುಷ್ಯನಿಗೆ ಹಗುರಾಗಬಹುದು. ಆ ದಿನ ಅಂಗಳದಲ್ಲಿ ನಾನಿರಲಿಲ್ಲ. ನನಗೆ ಕೊಟ್ಟದ್ದನ್ನು ನಾನು ನಂಬಬೇಕು, ಅಥವಾ ನಂಬದೆ ಕೆಲಸ ಮುಂದುವರಿಸಬೇಕು. ಎರಡನೆಯದನ್ನೇ ಮಾಡಿದೆ.

ಉಳಿದದ್ದು ಕೊನೆಯ ಮೆಟ್ಟಿಲು. ಆ ಹಗೇವಿನ ಬಾಯಿ ಮುಂದೆಯೇ ಕೂತು, ಅಲ್ಲೇ ಹೇಳಬೇಕು. ಸಣ್ಣಾಕಿ ಕೇಳುವಂತೆ ಹೇಳುತ್ತೇನೆ ಎಂದು ಅವನೇ ಅಂದ.

"ಪೂರಾ ಹೇಳ್ತೀರೇನು?"

"ದೀಪ ಇಟ್ಟಾಂವ ನಾ. ಅಷ್ಟ ಹೇಳ್ತೇನಿ. ಅವ್ವನ ಹೆಸರು ಬರಂಗಿಲ್ಲ."

ಅರ್ಧ ಹೇಳಿದರೆ ಅರ್ಧವೇ ಇಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಆದರೆ ಆ ಮಾತು ಅವನದು, ನಾನು ಕಸಿದುಕೊಂಡು ಹಂಚುವಂಥದ್ದಲ್ಲ. ಆಗಲಿ ಎಂದೆ.

ಎಳ್ಳಮಾವಾಸ್ಯೆಗೆ ಸ್ವಲ್ಪ ಮುಂಚೆ, ಹಿಂದಿನ ದಿನವೇ ಕಲ್ಲು ಸರಿಸಿ ಬಿಡಲು ಹೇಳಿ, ಮರುದಿನ ಮುಂಜಾನೆ ಹೋದೆವು. ಒಳಗಿನ ಜೋಳವನ್ನೆಲ್ಲ ಆಗಲೇ ಮಠಕ್ಕೆ ಕೊಟ್ಟಿದ್ದರು, ಹಗೇವು ಬರಿದಾಗಿತ್ತು. ಆದರೂ ಅವನು ಹಗ್ಗಕ್ಕೆ ದೀಪ ಕಟ್ಟಿ ತಳದವರೆಗೆ ಇಳಿಬಿಟ್ಟ. ಅದು ಅಲುಗದೆ ಉರಿಯಿತು. ಮೇಲೆತ್ತಿ ಪಕ್ಕಕ್ಕಿಟ್ಟು, ಬಾಯಿಯಿಂದ ಒಂದು ಮೊಳ ದೂರ ಕೂತ. ಅಂಗಳದಲ್ಲಿ ನಾವು. ಪಡಸಾಲೆಯ ಮೆಟ್ಟಿಲ ಮೇಲೆ ಮುದುಕಿ. ಅಡುಗೆಮನೆಯ ಬಾಗಿಲಲ್ಲಿ ತಲೆ ತುಂಬ ಸೆರಗು ಹೊದ್ದ ಸಣ್ಣಾಕಿ. ಕಾಂಪೌಂಡಿನ ಗೋಡೆಯ ಆಚೆ ರುಮಾಲುಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಊರಿಗೆ ತಪ್ಪೊಪ್ಪಿಗೆ ಕೇಳುವ ಆಸೆ.

ಅವನು ಹೇಳಿದ. ಕಲ್ಲು, ಬಿಸಿಲು, ವಾಸನೆ, ದೀಪ. "ದೀಪ ಇಳಿಬಿಡಲಿಲ್ಲ. ಒಯ್ದು ಗೂಡಿನಾಗ ಇಟ್ಟೆ. ನಾನ ಇಟ್ಟೆ. ಸಣ್ಣಾಂವ ಇಳದ." ಗೋಡೆಯಾಚೆ ಗುಜುಗುಜು ಎದ್ದಿತು. "ಕೇಳಿದ್ರೇನು? ಬಾಯಿಬಿಟ್ಟ ನೋಡು" ಎಂದು ಯಾರೋ ಅಂದರು. ಸಣ್ಣಾಕಿ ಕದಲಲಿಲ್ಲ.

"ಎಷ್ಟಾಣೆ?"

"ಹದಿನಾಕು."

ಆಗ ನನ್ನ ಮುಂದೆ ಎರಡು ದಾರಿ ಇದ್ದವು. ಸಾಕು ಎಂದು ಎಬ್ಬಿಸಿದರೆ ಆ ಹದಿನಾಲ್ಕಾಣೆ ಅವನಲ್ಲೇ ಉಳಿಯುತ್ತದೆ, ಊರಿನ ತೀರ್ಪೂ ಉಳಿಯುತ್ತದೆ. ಅವನ ತಾಯಿ ಏನಂದಳು ಎಂದು ಕೇಳಿಬಿಟ್ಟರೆ ಕೊಟ್ಟ ಮಾತು ಮುರಿಯುತ್ತದೆ. ಎರಡನ್ನೂ ಬಿಟ್ಟು, ಕಸುಬು ಕಲಿಸಿದ್ದನ್ನಷ್ಟೇ ಮಾಡಿದೆ.

"ಮತ್ತೊಮ್ಮೆ ಹೇಳ್ರಿ. ಮೊದಲಿಂದ."

ಹೇಳಿದ. ಹದಿನಾಲ್ಕೇ. ಮುದುಕಿಯ ಕಡೆ ನಾನು ನೋಡಲಿಲ್ಲ.

"ಮತ್ತೊಮ್ಮೆ."

"ಬಾಯಾರ, ಬಿಡ್ರಿ ಪಾಪ" ಎಂದ ಕಂಪೌಂಡರ್. ಅಣ್ಣನೇ ಕೊಂದವನು ಎಂದು ಹೇಳಿದ್ದೇ ಇವನು. ನಾನು ಬಿಡಲಿಲ್ಲ. ಅವನು ಮೂರನೆಯ ಸಲ ಶುರು ಮಾಡಿದ. ದನಿ ಒಡೆದಿತ್ತು. "ದೀಪ ನನ್ನ ಕೈಯಾಗದ. ನಾ ಒಯ್ದು ಗೂಡಿನಾಗ..."

"ಸಾಕು ನಿಲ್ಲಿಸೋ!" ಮುದುಕಿ ಮೆಟ್ಟಿಲು ಹಿಡಿದು ಎದ್ದು ನಿಂತಿದ್ದಳು. "ಎಷ್ಟು ಸಲ ನೀ ಒಬ್ಬಾಂವ ಹೊತ್ಕೊತಿ? ಅಂವ ದೀಪ ಕಟ್ಟಿದ್ದ. ಇಳಿಬಿಡಬ್ಯಾಡ ಅಂದಾಕಿ ನಾ. ಕೇಳ್ರೆಪ್ಪೋ, ಗ್ವಾಡಿಗೆ ನಿಂತಾವ್ರು ಕೇಳ್ರಿ. ಮದಿವಿ ಮನ್ಯಾಗ ದೀಪ ಆರಬಾರದಂತ ನಾ ಅಂದೆ. ನನ್ನ ಮಗನ್ನ ನಾ ಕಳಕೊಂಡೆ."

ಗೋಡೆಯಾಚೆಯ ರುಮಾಲುಗಳು ಒಂದೊಂದಾಗಿ ಕೆಳಗಿಳಿದವು. ಮುದುಕಿ ಅಲ್ಲೇ ಕುಸಿದು ಕೂತು ಎದೆ ಬಡಿದುಕೊಂಡು ಅತ್ತಳು. ಈ ಮಾತು ಕೇಳಿದ ಮೇಲೆ ನನ್ನ ಅನುಮಾನ ಅಲ್ಲಿಗೆ ಮುಗಿಯಿತು. ಸಣ್ಣಾಕಿ ಈಗ ಅತ್ತೆಯ ಮೇಲೆ ಹರಿಹಾಯುತ್ತಾಳೆ ಎಂದು ನಾನು ಕಾದೆ. ಆಕೆ ಬಾಗಿಲು ಬಿಟ್ಟು ಅಂಗಳಕ್ಕೆ ಬಂದಳು.

"ನನಗ ಗೊತ್ತಿತ್ತರಿ ಅತ್ತಿ."

ಮುದುಕಿಯ ಅಳು ನಿಂತಿತು. "ಏನ್ ಗೊತ್ತಿತ್ತು?"

"ನೀವು ಅಂದದ್ದು. ನಾ ಒಲಿ ಮುಂದ ಕುಂತಿದ್ದೆ, ಕೇಳಿಸ್ತು."

"ಗೊತ್ತಿದ್ದು ಊರ ಮುಂದ ಇವನ ಹೆಸರು ಯಾಕ ತಗೊಂಡೆ ಬೇ?"

"ನಿಮ್ಮ ಹೆಸರು ತಗೊಂಡಿದ್ರ, ನೀ ಕೇಳಿ ಯಾಕ ಸುಮ್ಮನಿದ್ದಿ ಅಂತ ನನಗ ಕೇಳ್ತಿದ್ರು." ಸಣ್ಣಾಕಿಯ ದನಿ ನಡುಗಲಿಲ್ಲ, ಕಣ್ಣಷ್ಟೇ ಹರಿಯುತ್ತಿತ್ತು. "ದೀಪ ಆರಿದ್ರ ಕೇಡು ಅಂತ ನನಗೂ ಅನಿಸಿತ್ತು. ಹೌದಲ್ಲ, ಖರೆ ಅಂತ ನನ್ನೊಳಗ ನಾ ಅಂದಿದ್ದೆ. ಎದ್ದು ಬಂದು, ಬಿಡ್ರಿ ದೀಪ, ಅಂವ ನನ್ನ ಗಂಡ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಭಾವಾರು ಟೇಪಿನಾಗ ಹೇಳಾಕತ್ತಾರ ಅಂದ ಕೂಡಲೆ, ನಾ ಒಲಿ ಮುಂದಿದ್ದದ್ದೂ ಹೇಳ್ಯಾರೇನೋ ಅಂತ ಎದಿ ಒಡೀತು. ಅದಕ್ಕ ಬಂದಿದ್ದೆ ದವಾಖಾನಿಗೆ."

ಅವನು ತಲೆ ಎತ್ತಿ ಆಕೆಯನ್ನು ನೋಡಿದ. ನೋಡಬಾರದ ನೋಟ ಅದು, ಆ ಮನೆಯ ರೂಢಿಗೆ. ಆಮೇಲೆ ಹಗೇವಿನ ಕಡೆ ತಿರುಗಿ ತಮ್ಮನ ಹೆಸರು ಹಿಡಿದು ಕೂಗಿದ. ಅಷ್ಟು ವಾರ ನಾನು ಕಂಡಿದ್ದ ಅಳು ಬೇರೆ, ಇದು ಬೇರೆ. ಸತ್ತವನಿಗಾಗಿ ಅವನು ಅತ್ತದ್ದು ಆಗಲೇ.

ಮುದುಕಿ ಎದ್ದು ಒಳಗೆ ಹೋಗಲು ನೋಡಿದಳು. ಸಣ್ಣಾಕಿಯೂ ಮುಖ ಮರೆಸಿಕೊಂಡು ಬಾಗಿಲ ಕಡೆ ತಿರುಗಿದಳು.

"ಯಾರೂ ಏಳಬ್ಯಾಡ್ರಿ" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. "ಈಗ ಎದ್ದು ಹೋದ್ರ ಇದನ್ನ ಒಬ್ಬೊಬ್ಬರೂ ಒಂದೊಂದು ಖೋಲಿಗೆ ಹೊತ್ಕೊಂಡು ಹೋಗ್ತೀರಿ. ಕುಂದರ್ರಿ. ಇಳೀತನಕ ಕುಂದರ್ರಿ."

ಕೂತರು. ಅತ್ತೆ, ಸೊಸೆ, ಅವನು, ಹಗೇವಿನ ಮೂರು ಕಡೆ. ನಾನು ಆಣೆ ಕೇಳಲಿಲ್ಲ. ಒಬ್ಬರು ಅಳುವುದು ನಿಂತರೆ ಇನ್ನೊಬ್ಬರದು ಶುರುವಾಗುತ್ತಿತ್ತು, ಕೊನೆಗೆ ಎಲ್ಲರದೂ ನಿಂತಿತು. ಬಿಸಿಲು ಅಂಗಳಕ್ಕೆ ಪೂರ್ತಿ ಇಳಿದ ಮೇಲೆ ಅವನು ಎದ್ದ. ಹಗೇವಿನ ಅಂಚಿಗೆ ಬಗ್ಗಿ ಒಳಗೆ ಇಣುಕಿ ನೋಡಿದ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಆಮೇಲೆ ಹಾಸುಗಲ್ಲಿನ ಒಂದು ತುದಿಗೆ ಕೈ ಹಚ್ಚಿ ಕಂಪೌಂಡರನ ಕಡೆ ನೋಡಿದ. ಒಬ್ಬನಿಂದ ಸರಿಯುವ ಕಲ್ಲಲ್ಲ ಅದು. ಕಂಪೌಂಡರ್ ಏಳುವ ಮೊದಲೇ ಸಣ್ಣಾಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನೊಂದು ತುದಿಗೆ ಬಾಗಿದಳು.

"ಬಿಡವ್ವ, ಭಾರ ಅದ" ಎಂದ ಅವನು, ನೆಲ ನೋಡುತ್ತ.

"ಗೊತ್ತದರಿ ಭಾವಾರ. ಎತ್ರಿ."